ಗೂಟದ ಮೇಲಿನ ಅಂಕಿ

ನಮ್ಮೂರಿನಲ್ಲಿ ಬೆಳಿಗ್ಗೆ ಎದುರಾದವರನ್ನು ‘ಹೆಂಗದಿ’ ಎಂದು ಯಾರೂ ಕೇಳುವುದಿಲ್ಲ. ‘ಎಷ್ಟೈತಿ’ ಎಂದು ಕೇಳುತ್ತಾರೆ. ಕೇಳಿಸಿಕೊಂಡವರು ಎಡ ಮಣಿಕಟ್ಟನ್ನು ಹೊರಳಿಸಿ, ಅಲ್ಲಿ ಕಟ್ಟಿದ ಕರಿಯ ಪಟ್ಟಿಯಲ್ಲಿ ಮೂಡಿರುವ ಅಂಕಿಯನ್ನು ಓದಿ ಹೇಳುತ್ತಾರೆ. ನಿದ್ದೆಯಲ್ಲಿ ಎದೆ ಹೇಗೆ ಬಡಿಯಿತು, ಉಸಿರು ಹೇಗೆ ಆಡಿತು ಎಂಬುದನ್ನೆಲ್ಲ ಆ ಪಟ್ಟಿ ಗಮನಿಸಿಕೊಂಡು, ಮೈ ನೂರಕ್ಕೆ ಎಷ್ಟು ಚೇತರಿಸಿಕೊಂಡಿದೆ ಎಂದು ಬೆಳಗಿನ ಜಾವ ಹೇಳುತ್ತದೆ. ಹೆಚ್ಚಿದ್ದರೆ ಹಸಿರು ಬೆಳಕು, ಕಡಿಮೆಯಿದ್ದರೆ ಕೆಂಪು, ನಡುವೆ ಹಳದಿ. ಮೊದಲು ಅದು ಗರಡಿಯ ಓಟಗಾರರಿಗೆಂದು ಬಂದದ್ದು. ಆಮೇಲೆ ಬಾಣಂತಿಯರೂ ಮುದುಕರೂ ಕಟ್ಟಿಕೊಂಡರು. ಈಗ ನಮ್ಮಲ್ಲಿ ಅಂಕಿ ನೋಡುವ ಮೊದಲು ಮೈಯ ಮಾತು ಆಡುವುದು ಅಪಶಕುನ. ಎದ್ದ ಮಗು ಹೊಟ್ಟೆನೋವೆಂದು ಅತ್ತರೆ ತಾಯಿ ಅದರ ಬಾಯಿಗೆ ಕೈ ಅಡ್ಡ ಹಿಡಿದು, ‘ಮೊದಲ ಅಂಕಿ ನೋಡು’ ಎನ್ನುತ್ತಾಳೆ.

ಇದರಿಂದ ಊರಿಗೇನೂ ಅಡಚಣೆಯಾಗಿಲ್ಲ. ನಮ್ಮ ಪಕ್ಕದ ಮನೆಯ ಕಲ್ಲವ್ವನ ಅಂಕಿ ಒಂಬತ್ತು ವರ್ಷದಿಂದ ಇಪ್ಪತ್ತೆರಡನ್ನು ದಾಟಿಲ್ಲ. ಆಕೆ ಆ ಕೆಂಪು ಬೆಳಕನ್ನು ಕಟ್ಟಿಕೊಂಡೇ ದಿನಕ್ಕೆ ನೂರು ರೊಟ್ಟಿ ಬಡಿಯುತ್ತಾಳೆ. ಯಾರಾದರೂ ಪಾಪ ಎಂದರೆ, ‘ಇಪ್ಪತ್ತೆರಡಕ್ಕ ರೊಟ್ಟಿ ಬಡೀತೀನಿ, ತೊಂಬತ್ತಾದ್ರ ನಿಮ್ಮನ್ನೂ ಬಡೀತೀನಿ, ಹಂಗಾ ಇರ್ಲಿ ಬಿಡ್ರಿ’ ಎನ್ನುತ್ತಾಳೆ. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಹುಡುಗಿಯ ಮೂರು ತಿಂಗಳ ಅಂಕಿ ಕೇಳುತ್ತಾರೆ. ಸೊಸೆಯಂದಿರು ಅತ್ತೆಗೆ ಮಣಿಕಟ್ಟು ತೋರಿಸಿ ಮಲಗುತ್ತಾರೆ. ಊರು ಇವಕ್ಕೆಲ್ಲ ಒಗ್ಗಿಹೋಗಿದೆ.

ಸತ್ತವರ ಪಟ್ಟಿಯೂ ನಮ್ಮಲ್ಲಿ ಆರುವುದಿಲ್ಲ. ಮಣ್ಣು ಮಾಡುವ ಮೊದಲು ಅದನ್ನು ಬಿಚ್ಚಿ, ದೇವರ ಜಗಲಿಯ ಪಕ್ಕದ ಗೂಟಕ್ಕೆ ತೂಗುಹಾಕುತ್ತೇವೆ. ಮೂರನೆಯ ಬೆಳಿಗ್ಗೆ ಅದರಲ್ಲಿ ಒಂದು ಚಿಕ್ಕ ಅಂಕಿ ಮೂಡುತ್ತದೆ. ಎರಡೋ ನಾಲ್ಕೋ. ಆಮೇಲೆ ದಿನದಿನಕ್ಕೆ ಏರುತ್ತದೆ, ಕೆಲವರದು ಬೇಗ, ಕೆಲವರದು ನಿಧಾನ. ಕಲ್ಲವ್ವನ ಗಂಡನದು ಹತ್ತಕ್ಕೇ ನಿಂತಿದೆ. ‘ಇದ್ದಾಗ ಮೈ ಬಗ್ಗಿಸಿದವಲ್ಲ, ಅವಂಗ ಸುಧಾರಿಸಿಕೊಳ್ಳೂದಾದ್ರೂ ಏನೈತಿ’ ಎನ್ನುತ್ತಾಳೆ ಆಕೆ. ಗೂಟದ ಮೇಲಿನ ಅಂಕಿ ಕಡಿಮೆಯಿರುವ ಮನೆಯಲ್ಲಿ ಒನಕೆ ಹಿಡಿಯುವುದಿಲ್ಲ, ಎತ್ತರದ ದನಿಯಲ್ಲಿ ಮಾತನಾಡುವುದಿಲ್ಲ. ಏರಿದ ದಿನ ಹೋಳಿಗೆ ಮಾಡುತ್ತಾರೆ. ಇನ್ನು, ಗೂಟದ ಮೇಲಿನ ಅಂಕಿಯೂ ಮನೆಯಲ್ಲಿ ಬದುಕಿರುವವರ ಕೈಮೇಲಿನ ಅಂಕಿಯೂ ಒಂದೇ ಆದರೆ ಅದಕ್ಕೆ ‘ಕೂಡೂದು’ ಎನ್ನುತ್ತೇವೆ. ಅಂಕಿ ಕೂಡಿದ ಮನೆಗೆ ಓಣಿಯ ಹೆಂಗಸರು ಆರತಿ ತರುತ್ತಾರೆ. ಕೂಡಿದವರ ಮಣಿಕಟ್ಟಿಗೆ ಮಲ್ಲಿಗೆ ದಂಡೆ ಸುತ್ತುತ್ತಾರೆ. ಸತ್ತವರು ಬಂದು ಕೈ ಹಿಡಿದರು ಎಂಬ ಸಂತೋಷ.

ನನ್ನ ಮನೆಯಲ್ಲಿ ಎರಡು ಗೂಟಗಳಿವೆ. ಒಂದು ನನ್ನ ಹೆಂಡತಿ ಗುರುಸಿದ್ದವ್ವನದು, ಇನ್ನೊಂದು ಮಗ ಬಸವಂತನದು. ಈ ಎರಡು ಗೂಟಗಳ ಕೆಳಗೆ ಕೂತು ನಾನು ಕಂಡದ್ದನ್ನು, ಮಾಡಿದ್ದನ್ನು, ಮುಚ್ಚದೆ ಹೇಳಬೇಕಾಗಿದೆ. ಎಪ್ಪತ್ತರ ಹತ್ತಿರ ಬಂದವನು ಮುಚ್ಚಿಟ್ಟು ಯಾರಿಗೆ ಒಪ್ಪಿಸಲಿ.

ನಾನು ಓಟದ ಗರಡಿಯ ಮಾಸ್ತರ. ನನ್ನ ತಂದೆಯೂ ಅದೇ ಆಗಿದ್ದರು. ಪಟ್ಟಿ ಬರುವ ಮೊದಲು ಓಟಗಾರನ ಮೈ ಸುಧಾರಿಸಿದೆಯೋ ಇಲ್ಲವೋ ಎಂದು ನೋಡಲು ನಮಗೆ ಒಂದು ಕ್ರಮವಿತ್ತು. ಬೆಳಿಗ್ಗೆ ಅವನನ್ನು ಕಟ್ಟೆಯ ಮೇಲೆ ಬೋರಲು ಮಲಗಿಸಿ, ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ಬಿಡುವುದು. ಬಿದ್ದ ಕುಳಿ ತುಂಬಿಕೊಳ್ಳುವವರೆಗೆ ಮನಸ್ಸಿನಲ್ಲಿ ‘ಶಿವಾ’ ಎನ್ನುತ್ತಾ ಇರುವುದು. ಒಂದು ಶಿವಾಕ್ಕೆ ತುಂಬಿದರೆ ಓಡು. ಮೂರಾದರೆ ನಡೆ. ಐದಾದರೆ ಮನೆಗೆ ಹೋಗಿ ಮಲಗು. ಒತ್ತುವಾಗ ‘ಹೆಂಗದಿ’ ಎಂದು ಕೇಳಬೇಕು, ಅವನು ಹೇಳಿದ್ದನ್ನೂ ಕೇಳಬೇಕು. ಹೆಬ್ಬೆರಳು ಅರ್ಧ, ಬಾಯಿ ಅರ್ಧ ಎಂದು ನಮ್ಮ ತಂದೆ ಹೇಳುತ್ತಿದ್ದರು. ಪಟ್ಟಿ ಬಂದಾಗ ನಾನು ಎರಡನ್ನೂ ಬಿಟ್ಟೆ. ಹುಡುಗರು ಸೋಮಾರಿತನಕ್ಕೆ ಸುಳ್ಳು ಹೇಳಬಹುದು, ಮುದುಕನ ಬೆರಳು ಮರಗಟ್ಟಿರಬಹುದು, ಪಟ್ಟಿಗೆ ಸೋಮಾರಿತನವೂ ಇಲ್ಲ, ವಯಸ್ಸೂ ಇಲ್ಲ ಎಂದುಕೊಂಡೆ. ಊರಿನಲ್ಲಿ ಎಲ್ಲರಿಗಿಂತ ಮೊದಲು ಅದನ್ನು ನಂಬಿದವನು ನಾನು. ಬೆಳಗಿನ ಪೂಜೆಯಲ್ಲಿ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತಾಗ ಅದರ ಕೆಳಗೇ ಮಣಿಕಟ್ಟಿನಲ್ಲಿ ಅಂಕಿ ಬೆಳಗುತ್ತಿತ್ತು. ನನ್ನ ಕಣ್ಣು ಎಷ್ಟೋ ಸಲ ಲಿಂಗದಿಂದ ಜಾರಿ ಅಂಕಿಯ ಮೇಲೆ ಬೀಳುತ್ತಿತ್ತು. ಅದನ್ನು ಶಿವನು ನೋಡಿರಬೇಕು.

ವರ್ಷಕ್ಕೊಮ್ಮೆ ನಮ್ಮೂರಿನಲ್ಲಿ ಏಳು ಕೆರೆಗಳನ್ನು ಸುತ್ತುವ ಓಟವಿದೆ. ಓಣಿಗೆ ಒಬ್ಬ ಓಟಗಾರ. ಗೆದ್ದ ಓಣಿಯಲ್ಲಿ ಊರಿನ ದೊಡ್ಡ ಹಿತ್ತಾಳೆ ಗಂಟೆ ಒಂದು ವರ್ಷ ತೂಗುತ್ತದೆ, ಅದರ ಸದ್ದಿಗೆ ಊರೆಲ್ಲ ಏಳುತ್ತದೆ. ನಮ್ಮ ಮೇಲಿನ ಓಣಿಗೆ ಓಡುತ್ತಿದ್ದವನು ಬಸವಂತ. ಹೊಗಳಿಕೆಯಲ್ಲ, ಅವನು ಓಡುವಾಗ ಕೊಕ್ಕರೆಗಳು ಬೆದರಿ ಏಳುತ್ತಿರಲಿಲ್ಲ, ಅಷ್ಟು ಹಗುರ.

ಎರಡು ವರ್ಷದ ಹಿಂದೆ ಗುರುಸಿದ್ದವ್ವ ತೀರಿಕೊಂಡಳು. ಮೂರನೆಯ ಬೆಳಿಗ್ಗೆ ಗೂಟದ ಮೇಲೆ ಅವಳ ಅಂಕಿ ನಾಲ್ಕು ಎಂದು ಬೆಳಗಿತು. ನನಗೆ ಸಂತೋಷವಾಗುವ ಬದಲು ಕಳವಳವಾಯಿತು. ನಮ್ಮ ಮಾರ್ಗದಲ್ಲಿ ಸತ್ತವರು ಲಿಂಗೈಕ್ಯರಾಗುತ್ತಾರೆ, ಶಿವನಲ್ಲಿ ಬೆರೆತುಹೋಗುತ್ತಾರೆ. ಬೆರೆತವರಿಗೆ ಯಾವ ದಣಿವು, ಯಾವ ಚೇತರಿಕೆ? ಮಠಕ್ಕೆ ಹೋಗಿ ಅಯ್ಯನವರನ್ನು ಕೇಳಿದೆ. ಅವರು, ‘ಮಾಸ್ತರ, ಕಣ್ಣಿಗೆ ಕಾಣೂದನ್ನ ಇಲ್ಲ ಅನ್ನಾಕ ಬರೂದಿಲ್ಲ. ಆದ್ರ ಕಂಡದ್ದೆಲ್ಲಾ ಶಿವನದು ಅಂತ ತಿಳೀಬ್ಯಾಡ್ರಿ’ ಎಂದರು. ನಾನು ಮೊದಲ ಅರ್ಧವನ್ನು ಮಾತ್ರ ಮನೆಗೆ ತಂದೆ. ಅಂದಿನಿಂದ ದಿನವೂ ಅವಳ ಅಂಕಿಯನ್ನು ಪಂಚಾಂಗದಲ್ಲಿ ತಿಥಿಯ ಪಕ್ಕ ಬರೆದಿಡತೊಡಗಿದೆ. ಮಾತನಾಡಲು ಬೇರೆ ದಾರಿ ಉಳಿದಿರಲಿಲ್ಲ.

ಆ ದಿನಗಳಲ್ಲೇ ಬಸವಂತ ಗರಡಿಯಲ್ಲಿ ಒಮ್ಮೆ ಹೇಳಿದ. ‘ಅಪ್ಪಾ, ಪಟ್ಟಿ ಎಪ್ಪತ್ತು ಅಂತೈತಿ. ಮೈ ಮೂವತ್ತು ಅಂತೈತಿ. ಯಾರ ಮಾತು ಕೇಳ್ಲಿ?’

‘ಮೈಗೆ ಬಾಯಿ ಎಲ್ಲೈತೋ?’ ಎಂದೆ ನಾನು.

‘ಪಟ್ಟಿಗೂ ಇಲ್ಲಲ್ಲಪ್ಪಾ.’

ಹುಡುಗರು ನಕ್ಕರು. ನನಗೆ ಸಿಟ್ಟು ಬಂತು. ತಾಯಿ ಹೋದ ದುಃಖಕ್ಕೆ ಮನಸ್ಸು ಜಡವಾಗಿದೆ, ಮನಸ್ಸಿನ ಜಡವನ್ನು ಕಾಲಿನ ಮೇಲೆ ಹೊರಿಸಬೇಡ ಎಂದು ಎಲ್ಲರೆದುರಿಗೆ ಬೈದೆ. ಅವನು ಆಮೇಲೆ ಬಾಯಿ ಬಿಡಲಿಲ್ಲ. ಗರಡಿಯ ಒಳಗೋಡೆಯ ಮೇಲೆ ಇದ್ದಲಿನಿಂದ ಏನೋ ಗೀಚುತ್ತಿದ್ದುದನ್ನು ನೋಡಿದ್ದೆ. ಕೇಳಲಿಲ್ಲ.

ಓಟದ ದಿನ ಬೆಳಿಗ್ಗೆ ಅವನು ಹಾಸಿಗೆಯಲ್ಲಿ ಎದ್ದು ಕೂತು, ಇನ್ನೂ ಪಟ್ಟಿ ನೋಡದೆ, ‘ಅಪ್ಪಾ, ಕಾಲು ನನ್ನವಲ್ಲ ಅನಸ್ತೈತಿ’ ಎಂದ. ಅಂಕಿಗೆ ಮೊದಲು ಮೈಯ ಮಾತು ಆಡಿದ, ಅದೂ ಓಟದ ದಿನ. ನಾನು ಅವನ ಬಾಯಿಗೆ ಕೈ ಅಡ್ಡ ಹಿಡಿದೆ, ಮಗುವಿಗೆ ಹಿಡಿದಂತೆ. ಇನ್ನೊಂದು ಕೈಯಿಂದ ಅವನ ಮಣಿಕಟ್ಟು ಹೊರಳಿಸಿದೆ. ತೊಂಬತ್ತೊಂದು. ಗೂಟ ನೋಡಿದೆ. ಗುರುಸಿದ್ದವ್ವನದೂ ತೊಂಬತ್ತೊಂದು. ಕೂಡಿತ್ತು. ಕಲ್ಲವ್ವ ಆರತಿ ತಂದಳು, ದಂಡೆ ಸುತ್ತಿದಳು. ‘ಅವ್ವ ಕೈ ಹಿಡಿದಾಳ, ಹೋಗೋ ಮಗನ’ ಎಂದು ನಾನು ಅವನ ಬೆನ್ನು ತಟ್ಟಿದೆ. ಅವನು ನನ್ನನ್ನು ಒಂದು ಸಲ ನೋಡಿ ಹೋದ. ಐದನೆಯ ಕೆರೆಯ ಏರಿಯ ಮೇಲೆ ಬಿದ್ದ. ಓಡಿಹೋಗಿ ನೋಡಿದಾಗ ಮಣಿಕಟ್ಟಿನಲ್ಲಿ ಮಲ್ಲಿಗೆ ಬಾಡಿರಲಿಲ್ಲ. ಪಟ್ಟಿ ಹಸಿರಾಗಿಯೇ ಇತ್ತು.

ಅವನನ್ನು ತಾಯಿಯ ಪಕ್ಕದಲ್ಲಿ ಕೂರಿಸಿ ಮಣ್ಣು ಕೊಟ್ಟು ಮನೆಗೆ ಬಂದಾಗ ಗುರುಸಿದ್ದವ್ವನ ಪಟ್ಟಿ ನೂರು ತೋರಿಸುತ್ತಿತ್ತು. ನೂರು ಮುಟ್ಟಿದ ಅಂಕಿಯನ್ನು ಊರಿನಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಸಾವಿನ ಮನೆಗೆ ಬಂದವರೂ ಗೂಟದ ಮುಂದೆ ನಿಂತು ಕೈ ಮುಗಿದು ಹೋದರು. ಮಗ ಬಂದು ಸೇರಿದ್ದಕ್ಕೆ ತಾಯಿ ಪೂರ್ಣವಾದಳು ಎಂದರು. ಆ ನೂರು ಅಂದಿನಿಂದ ಅಲುಗಲೇ ಇಲ್ಲ.

ಬಸವಂತನ ಪಟ್ಟಿ ಮೂರನೆಯ ದಿನ ಎರಡು ಎಂದು ಬೆಳಗಿತು. ನಾನು ಬದುಕಿದ್ದು ಆ ಎರಡರ ಮೇಲೆ. ಮರುದಿನ ಮೂರು. ಆಮೇಲೆ ಐದು. ಎದ್ದ ಕೂಡಲೇ ಲಿಂಗಕ್ಕೂ ಮೊದಲು ಗೂಟವನ್ನು ನೋಡುತ್ತಿದ್ದೆ. ಏರಿದ ದಿನ ಅನ್ನ ಇಳಿಯುತ್ತಿತ್ತು. ನಿಂತ ದಿನ, ನನ್ನಿಂದ ಏನು ಸದ್ದಾಯಿತು, ಯಾವ ಬಾಗಿಲು ಕಿರುಗುಟ್ಟಿತು ಎಂದು ಯೋಚಿಸುತ್ತಿದ್ದೆ. ಬಾಗಿಲ ತಿರುಗಣೆಗೆಲ್ಲ ಎಣ್ಣೆ ಬಿಟ್ಟೆ.

ಮನೆಯಲ್ಲಿ ಉಳಿದವಳು ಮಗಳು ನೀಲಾ. ಇಪ್ಪತ್ತಮೂರು ವರ್ಷ, ಅಣ್ಣನಿಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಮನೆತುಂಬ ಮಾತು, ಹಸಿವೆಯೂ ಹಾಗೆಯೇ. ಊಟಕ್ಕೆ ಕೂತರೆ ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕಲ್ಲವ್ವನ ಮನೆಗೆ ಹೋಗುವವಳು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣನ ಓಟದ ಚಡ್ಡಿಯನ್ನು ತನ್ನ ಅಳತೆಗೆ ಹೊಲಿದುಕೊಂಡು ಬಂದು ನಿಂತಳು. ‘ಅಣ್ಣನ ಓಟ ಐದನೇ ಕೆರಿಗೆ ನಿಂತೈತಿ ಅಪ್ಪಾ. ಉಳಿದ ಎರಡು ಕೆರಿ ಯಾರು ಸುತ್ತೋರು?’ ಓಣಿಯ ಯಜಮಾನ ಪರಪ್ಪನಿಗೆ ಸಂತೋಷವಾಯಿತು. ಗಂಟೆ ನಮ್ಮ ಓಣಿಯಿಂದ ಹೋಗಿ ಮೂರು ವರ್ಷವಾಗಿತ್ತು.

ಅವಳು ಓಡತೊಡಗಿದ ವಾರದಲ್ಲೇ ಅಂಕಿ ಕೂಡಿತು. ಗೂಟದಲ್ಲಿ ಬಸವಂತನದು ಮೂವತ್ತೆಂಟು, ನೀಲಾಳ ಕೈಯಲ್ಲಿ ಮೂವತ್ತೆಂಟು. ಮರುದಿನ ನಲವತ್ತು, ನಲವತ್ತು. ಒಮ್ಮೆ ಕೂಡಿದರೆ ಹಬ್ಬ, ದಿನವೂ ಕೂಡಿದರೆ? ಕಲ್ಲವ್ವ, ‘ದಿನಾ ಎಲ್ಲಿಂದ ಮಲ್ಲಿಗಿ ತರ್ಲಿ ತಂಗಿ, ನಿಮ್ಮಣ್ಣಗ ನಾಳಿ ಬಾ ಅನ್ನು’ ಎಂದು ನಗುತ್ತಿದ್ದಳು. ನೀಲಾಳೂ ಮೊದಮೊದಲು ನಕ್ಕಳು. ನಾನು ಪಂಚಾಂಗದಲ್ಲಿ ಇಬ್ಬರಿಗೂ ಒಂದೇ ಅಂಕಿ ಬರೆಯುತ್ತಾ ಬಂದೆ. ಬಸವಂತ ಇಲ್ಲೇ ಇದ್ದಾನೆ, ತಂಗಿಯ ಜೊತೆ ಓಡುತ್ತಿದ್ದಾನೆ ಎಂದುಕೊಂಡೆ. ಅವಳ ಅಂಕಿಯಲ್ಲಿ ನಾನು ಅವನನ್ನು ಓದುತ್ತಿದ್ದೆ. ಅವಳನ್ನು ಓದುವವರು ಯಾರೂ ಇರಲಿಲ್ಲ.

ಅಂಕಿ ಏರಿದಂತೆ ಅವಳ ಓಟವೂ ಏರಿತು. ನಾಲ್ಕು ಕೆರೆ ಸುತ್ತಿ ಬಂದರೂ ಏದುಸಿರಿಲ್ಲ. ‘ಬೆವರ ಇಲ್ಲ ನೋಡ್ರಿ ಮಾಸ್ತರ, ಇದು ಓಟ ಅಂದ್ರ’ ಎಂದು ಪರಪ್ಪ ಓಣಿಯವರನ್ನೆಲ್ಲ ಕರೆದು ತೋರಿಸಿದ. ಅವಳ ಹಣೆ ಒಣಗಿ ತಣ್ಣಗಿತ್ತು. ಮಾತು ಕಡಿಮೆಯಾಯಿತು. ರೊಟ್ಟಿ ಎರಡಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. ನೆಲ ಸಾರಿಸಿ ಒಣಗುವ ಮೊದಲೇ ದಾಟಿ ಹೋದರೆ ಒದ್ದೆಯ ಮೇಲೆ ಅವಳ ಹೆಜ್ಜೆ ಮೂಡುತ್ತಿರಲಿಲ್ಲ. ಅದನ್ನು ನಾನು ಎರಡು ಸಲ ಕಂಡೆ. ಹಗುರ ಕಾಲು, ಅಣ್ಣನ ಹಾಗೆ ಎಂದುಕೊಂಡೆ. ಮನುಷ್ಯ ತನಗೆ ಬೇಕಾದ್ದನ್ನು ಹೇಗೆ ಕಾಣುತ್ತಾನೆ ನೋಡಿ.

ಓಟಕ್ಕೆ ಮೂರು ದಿನ ಮುಂಚೆ ಗರಡಿಗೆ ಸುಣ್ಣ ಬಳಿಯುವುದು ಪದ್ಧತಿ. ಅದು ಮಾಸ್ತರನ ಕೆಲಸ, ಬೇರೆಯವರು ಮುಟ್ಟುವಂತಿಲ್ಲ. ಕುಂಚ ಹಿಡಿದು ಒಳಗೋಡೆಯ ಮುಂದೆ ನಿಂತಾಗ ಬಸವಂತ ಗೀಚಿದ ಇದ್ದಲಿನ ಸಾಲುಗಳು ಕಂಡವು. ಹೋದ ವರ್ಷ ಓಟವೊಂದೇ ಕಣ್ಣಿನಲ್ಲಿ ತುಂಬಿಕೊಂಡು ಆ ಗೋಡೆಯನ್ನು ಬಳಿಯದೆ ಬಿಟ್ಟಿದ್ದೆ. ಈಗ ಬಳಿದರೆ ಅವನ ಕೈ ಅಳಿಸುತ್ತದೆ ಎಂದು ಮೊದಲ ಬಾರಿ ಓದಿದೆ. ಮೇಲೆ ತಿಥಿ. ಕೆಳಗೆ ಎರಡು ಸಾಲು. ಒಂದರ ಮುಂದೆ ‘ಮೈ’ ಎಂದಿತ್ತು, ಇನ್ನೊಂದರ ಮುಂದೆ ‘ಪಟ್ಟಿ’. ನಲವತ್ತು ದಿನದ ಅಂಕಿಗಳು. ಪಟ್ಟಿಯ ಸಾಲು ಐವತ್ತರಿಂದ ತೊಂಬತ್ತಕ್ಕೆ ಏರುತ್ತಾ ಹೋಗಿತ್ತು. ಮೈಯ ಸಾಲು ಅರವತ್ತರಿಂದ ಇಳಿಯುತ್ತಾ ಇಳಿಯುತ್ತಾ ಬಂದು, ಓಟದ ಹಿಂದಿನ ದಿನ ಅಲ್ಲಿ ಒಂಬತ್ತು ಎಂದಿತ್ತು. ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಿದ್ದ, ‘ನಾಳಿ ಅಪ್ಪಗ ಹೇಳಬೇಕು.’

ನಾನು ಸುಣ್ಣದ ಕೈಯಲ್ಲೇ ಮನೆಗೆ ಬಂದೆ. ಹೋದ ವರ್ಷದ ಪಂಚಾಂಗ ತೆಗೆದುಕೊಂಡು ಮತ್ತೆ ಗೋಡೆಯ ಮುಂದೆ ಹೋಗಿ ಕೂತೆ. ಆ ನಲವತ್ತು ದಿನವೂ ಬಸವಂತನ ಪಟ್ಟಿಯ ಸಾಲು ಮತ್ತು ನಾನು ಬರೆದಿಟ್ಟ ಗುರುಸಿದ್ದವ್ವನ ಅಂಕಿ ಒಂದೇ ಆಗಿದ್ದವು. ಒಂದೂ ತಪ್ಪಿರಲಿಲ್ಲ. ನಾವು ಆರತಿ ಎತ್ತಿದ್ದು ಒಂದೇ ದಿನ, ಉಳಿದ ದಿನಗಳಲ್ಲಿ ಗೂಟವನ್ನೂ ಕೈಯನ್ನೂ ಜೊತೆಗೆ ನೋಡಿದವರು ಯಾರೂ ಇರಲಿಲ್ಲ. ಅವನ ಕೈಮೇಲೆ ಬೆಳಗಿದ್ದು ಅವನ ಮೈಯಲ್ಲ, ಅವನ ತಾಯಿಯ ನೆಮ್ಮದಿ. ಅವನು ಮಲಗಿದ್ದ, ಸುಧಾರಿಸಿಕೊಂಡವಳು ಅವಳು.

ಗುರುಸಿದ್ದವ್ವನನ್ನು ನಾನು ದೂರುವುದಿಲ್ಲ. ಮಕ್ಕಳಿಗೆ ಬಡಿಸಿ ಪಾತ್ರೆಯ ತಳ ಹಿಡಿದ ಸೀಕಲು ತಿಂದವಳು ಅವಳು. ಒಂದೇ ಕೌದಿಯಲ್ಲಿ ಇಬ್ಬರು ಮಲಗಿದಾಗ, ಹೆಚ್ಚು ಚಳಿಯಾದವರು ನಿದ್ದೆಯಲ್ಲಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಎಳೆದದ್ದು ಅವರಿಗೆ ಗೊತ್ತಿರುವುದಿಲ್ಲ. ಎಚ್ಚರವಿದ್ದವನು ಎದ್ದು ನೋಡಬೇಕಿತ್ತು. ಎಚ್ಚರವಿದ್ದವನು ನಾನು.

ಆ ಗೋಡೆಗೆ ಸುಣ್ಣ ಬಳಿಯಲಿಲ್ಲ. ಮನೆಗೆ ಬಂದಾಗ ನೀಲಾ ಓಟ ಮುಗಿಸಿ ಬಂದು ಪಡಸಾಲೆಯಲ್ಲಿ ಕೂತಿದ್ದಳು, ಬೆವರಿಲ್ಲದೆ. ಗೂಟದಲ್ಲಿ ತೊಂಬತ್ತು, ಕೈಯಲ್ಲಿ ತೊಂಬತ್ತು. ಅವಳ ಪಟ್ಟಿಯನ್ನು ಅಂದೇ ಬಿಚ್ಚಿಬಿಡಬಹುದಿತ್ತು. ಬಿಚ್ಚಲಿಲ್ಲ. ಎರಡು ದಿನ ಬಿಚ್ಚಲಿಲ್ಲ. ಕಾರಣ ಹೇಳುತ್ತೇನೆ. ಕೌದಿಯನ್ನು ಇವಳ ಕಡೆಗೆ ಎಳೆದರೆ ಅವನ ಮೈ ಬರಿದಾಗುತ್ತದೆ. ಎರಡರಿಂದ ತೊಂಬತ್ತರವರೆಗೆ ಒಂದೊಂದೇ ಅಂಕಿಯಾಗಿ ನನ್ನ ಮಗ ನನಗೆ ಮರಳಿ ಬಂದಿದ್ದ. ನೂರಾದ ಮೇಲೆ ಏನಾದರೂ ಆಗಬಹುದು ಎಂಬ ಒಂದು ಆಸೆ, ಬಾಯಿಬಿಟ್ಟು ಹೇಳಿಕೊಳ್ಳಲಾಗದ ಆಸೆ, ಒಳಗೆ ಇತ್ತು. ಅದು ನನ್ನನ್ನು ಎರಡು ದಿನ ಹಿಡಿದಿಟ್ಟಿತು. ಆ ಎರಡು ದಿನ ಅವಳು ಓಡಿದಳು, ನಾನು ಸುಮ್ಮನೆ ನೋಡಿದೆ.

ಓಟದ ದಿನ ಬೆಳಿಗ್ಗೆ ಪೂಜೆಗೆ ಕೂತೆ. ಅಂಗೈಯಲ್ಲಿ ಲಿಂಗವಿಟ್ಟುಕೊಂಡಾಗ ಮಣಿಕಟ್ಟಿನ ಅಂಕಿ ಕಣ್ಣಿಗೆ ಹೊಡೆಯಿತು. ಪಟ್ಟಿ ಬಿಚ್ಚಿ ನೆಲದ ಮೇಲಿಟ್ಟೆ. ಎಷ್ಟೋ ವರ್ಷದ ಮೇಲೆ ಅಂಗೈಯಲ್ಲಿ ಲಿಂಗ ಒಂದೇ ಉಳಿಯಿತು. ಬಹಳ ಹೊತ್ತು ನೋಡಿದೆ. ಎದ್ದು ನೀಲಾ ಮಲಗಿದ್ದಲ್ಲಿಗೆ ಹೋದೆ.

ಅವಳು ಬೋರಲು ಮಲಗಿದ್ದಳು, ಕಣ್ಣು ತೆರೆದೇ ಇತ್ತು. ಪಕ್ಕದಲ್ಲಿ ಕೂತು ಕೌದಿ ಸರಿಸಿ ಮೀನಖಂಡವನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟೆ. ಕೆಸರಿನಲ್ಲಿ ಒತ್ತಿದಂತೆ ಕುಳಿ ಬಿತ್ತು. ಶಿವಾ, ಎಂದೆ. ಶಿವಾ. ಶಿವಾ. ಐದಾಯಿತು. ಒಂಬತ್ತಾಯಿತು. ಹದಿನೇಳನೆಯ ಶಿವಾಕ್ಕೂ ಕುಳಿ ಹಾಗೆಯೇ ಇತ್ತು. ಅದರೊಳಗೆ ನನ್ನ ಬೆರಳಿನ ಗೆರೆಗಳು ಅಚ್ಚೊತ್ತಿ ನಿಂತಿದ್ದವು. ಕಾಲು ಕೆರೆಯ ಕಲ್ಲಿನಷ್ಟು ತಣ್ಣಗಿತ್ತು.

‘ಮಗಳ,’ ಎಂದೆ. ‘ಹೆಂಗದಿ?’

ಅವಳು ತಲೆ ತಿರುಗಿಸಿ ನೋಡಿದಳು. ಕೈ ಎಂದಿನಂತೆ ತಾನಾಗಿ ಹೊರಳಿತು, ಅಂಕಿ ತೋರಿಸಲು. ನಾನು ಆ ಅಂಕಿಯನ್ನು ನನ್ನ ಅಂಗೈಯಿಂದ ಮುಚ್ಚಿದೆ.

‘ಎಷ್ಟೈತಿ ಅಂತ ಕೇಳ್ಲಿಲ್ಲವ್ವಾ. ಹೆಂಗದಿ ಅಂತ ಕೇಳ್ದೆ.’

ಆ ಮಾತು ಅವಳ ಕಿವಿಯಿಂದ ಒಳಗೆ ಇಳಿಯಲು ಬಹಳ ಹೊತ್ತು ಬೇಕಾಯಿತು. ‘ಹೇಳಬಾರದಲ್ಲಪ್ಪಾ,’ ಎಂದಳು.

‘ಹೇಳು.’

‘ಕಾಲು ನನ್ನವಲ್ಲ ಅಪ್ಪಾ. ಭಾಳ ದಿನ ಆತು.’

ನಾನು ಅವಳ ಪಟ್ಟಿಯನ್ನು ಬಿಚ್ಚಿದೆ. ಬಿಚ್ಚಿದ ಕಡೆ ಚರ್ಮ ಬೆಳ್ಳಗೆ, ನೀರಿನಲ್ಲಿ ನೆನೆದಂತೆ ಇತ್ತು. ‘ಮಲಗು. ಸುಧಾರಿಸಿಕೊ,’ ಎಂದೆ. ಅವಳು ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಹೊರಗೆ ಹಲಗೆ ಬಡಿಯುವ ಸದ್ದು. ಕಲ್ಲವ್ವ ಆರತಿ ಹಿಡಿದು, ಪರಪ್ಪ ಓಣಿಯವರನ್ನು ಕರೆದುಕೊಂಡು ಬಂದಿದ್ದರು. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

‘ಎಷ್ಟೈತ್ರಿ ಮಾಸ್ತರ?’ ಎಂದ ಪರಪ್ಪ.

‘ನೋಡಿಲ್ಲ.’

ಪರಪ್ಪ ನನ್ನ ಬರಿಯ ಮಣಿಕಟ್ಟನ್ನು ನೋಡಿದ. ಬಗ್ಗಿ ಒಳಗೆ ಗೂಟವನ್ನು ನೋಡಿದ. ‘ತೊಂಬತ್ತಾರು. ಅಂದ್ರ ಅಕಿದೂ ತೊಂಬತ್ತಾರು. ಇಂಥಾ ಅಂಕಿ ಹಿಡಕೊಂಡು ಮನ್ಯಾಗ ಮಲಗಸ್ತೀರಿ?’

‘ನನ್ನ ಮಗಳು ಓಡೂದಿಲ್ಲ.’

‘ಯಾಕ, ಏನಾಗೈತಿ?’

‘ದಣದಾಳ.’

ಹಿಂದಿನಿಂದ ಯಾರೋ ನಕ್ಕರು. ‘ತೊಂಬತ್ತಾರಕ್ಕ ದಣೀತಾರಂತ’ ಎಂದಿತು ಒಂದು ದನಿ. ‘ಮಾಸ್ತರಗ ಅರಳು ಮರಳು’ ಎಂದಿತು ಇನ್ನೊಂದು. ಪರಪ್ಪ ನಗಲಿಲ್ಲ. ಮೆಲ್ಲಗೆ ಹೇಳಿದ. ‘ಮಗ ಹೋದ ಸಂಕಟ ನಮಗೂ ಐತ್ರಿ. ಆದ್ರ ಅವ ತಂಗಿ ಕೈ ಹಿಡದಾನ. ನೀವು ಬಿಡಿಸ್ತೀರೇನು?’

ಆ ಮಾತು ಇರಿಯಿತು. ಏಕೆಂದರೆ ಅದು ನಿಜವಾಗಿತ್ತು. ‘ಹೌದಪ್ಪಾ,’ ಎಂದೆ. ‘ಬಿಡಿಸ್ತೀನಿ.’

ಅವರು ಹೋದರು. ನಮ್ಮ ಓಣಿ ಆ ವರ್ಷ ಓಡಲಿಲ್ಲ. ಹೋಗುವಾಗ ಒಬ್ಬ ಅಂಗಳದಲ್ಲಿ ಉಗುಳಿದ. ಕಲ್ಲವ್ವ ಮಾತ್ರ ಆರತಿಯ ತಟ್ಟೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ದೀಪವನ್ನು ತಾನೇ ಸೆರಗಿನ ಗಾಳಿಯಲ್ಲಿ ಆರಿಸಿಕೊಂಡು ಹೋದಳು.

ನಾನು ಒಳಗೆ ಬಂದು ಗೂಟದ ಕೆಳಗೆ ಕೂತೆ. ನೀಲಾ ನಿದ್ದೆ ಹೋಗಿದ್ದಳು. ಎಷ್ಟೋ ದಿನಗಳಲ್ಲಿ ಮೊದಲ ಬಾರಿ ಉಸಿರಾಟದ ಸದ್ದು ಕೇಳಿಸುತ್ತಿತ್ತು. ತಲೆಯೆತ್ತಿದಾಗ ಬಸವಂತನ ಅಂಕಿ ತೊಂಬತ್ತನಾಲ್ಕಾಗಿತ್ತು. ಅಂಕಿ ಸಾಮಾನ್ಯವಾಗಿ ಬದಲಾಗುವುದು ಬೆಳಗಿನ ಜಾವ. ಹಗಲಿನಲ್ಲಿ ಹೀಗೆ ಇಳಿದದ್ದನ್ನು ನಾನು ಕಂಡಿರಲಿಲ್ಲ. ಮಧ್ಯಾಹ್ನಕ್ಕೆ ಎಂಬತ್ತು. ಸಂಜೆಗೆ ಎಪ್ಪತ್ತೊಂದು. ಅವಳು ಮಗ್ಗುಲು ಬದಲಿಸದೆ ಮಲಗಿದ್ದಳು. ಹಸಿರು ಬೆಳಕು ಹಳದಿಯಾಯಿತು. ಮರುದಿನ ಬೆಳಿಗ್ಗೆ ನಲವತ್ತೈದು. ಅವಳ ಪಾದ ಮುಟ್ಟಿ ನೋಡಿದೆ. ಬೆರಳುಗಳು ಇನ್ನೂ ತಣ್ಣಗೆ, ಹಿಮ್ಮಡಿಯಲ್ಲಿ ಸ್ವಲ್ಪ ಬಿಸಿ. ಮೂವತ್ತೆಂಟು ಬಂದಾಗ, ಇವಳು ಓಡತೊಡಗಿದ ದಿನಗಳು ನೆನಪಾದವು. ಇಪ್ಪತ್ತಕ್ಕೆ, ಅವನು ಹೋದ ಮೇಲಿನ ಮೊದಲ ತಿಂಗಳು. ಒಂದು ವರ್ಷ ಹತ್ತಿದ ಮೆಟ್ಟಿಲನ್ನು ಅವನು ಒಂದೊಂದಾಗಿ ಇಳಿಯುತ್ತಿದ್ದ, ನಾನು ಕೆಳಗೆ ಕೂತು ನೋಡುತ್ತಿದ್ದೆ.

ಇದನ್ನೂ ಹೇಳಬೇಕು. ಒಂಬತ್ತು ಬಂದಾಗ ನಾನು ಎದ್ದೆ. ಅವನು ಗೋಡೆಯ ಮೇಲೆ ಕಡೆಗೆ ಬರೆದ ಅಂಕಿ ಅದು. ನೀಲಾಳ ಹಾಸಿಗೆಯ ಹತ್ತಿರ ಹೋಗಿ ಅವಳನ್ನು ಎಬ್ಬಿಸಲು ಭುಜದ ಕಡೆ ಕೈ ಚಾಚಿದೆ. ಸಾಕಷ್ಟು ಮಲಗಿದ್ದಾಳೆ, ಒಂದಿಷ್ಟು ನೀರು ಕುಡಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಎದ್ದರೆ ಅಂಕಿ ನಿಲ್ಲುತ್ತದೆ. ಒಂಬತ್ತಾದರೂ ಉಳಿಯುತ್ತದೆ. ಒಂಬತ್ತರ ಮೇಲೆ ಮುದುಕನೊಬ್ಬ ಬದುಕಬಹುದು. ಕೈ ಅವಳ ಭುಜದಿಂದ ಒಂದು ಗೇಣು ದೂರದಲ್ಲಿತ್ತು. ಆಗ ಅವಳ ಕುತ್ತಿಗೆಯ ಮೇಲೆ ಏನೋ ಹೊಳೆಯಿತು. ಬೆವರು. ಒಂದು ಹನಿ. ಅದು ಇಳಿದು ಕೌದಿಯಲ್ಲಿ ಇಂಗಿತು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಮತ್ತೆ ಗೂಟದ ಕೆಳಗೆ ಹೋಗಿ ಕೂತೆ.

ಆಮೇಲೆ ನಾನು ಅಂಕಿ ನೋಡಲಿಲ್ಲ. ಕಣ್ಣು ಮುಚ್ಚಿ ಅವನ ಜೊತೆ ಮಾತನಾಡಿದೆ. ಹೋದ ವರ್ಷ ಕೇಳಬೇಕಾಗಿದ್ದ ಮಾತನ್ನು ಕೇಳಿದೆ. ‘ಹೆಂಗದಿಯೋ ಮಗನ?’ ಉತ್ತರ ಬರಲಿ ಎಂದು ಕೇಳಿದ್ದಲ್ಲ. ಕಣ್ಣು ತೆರೆದಾಗ ಮೂರನೆಯ ದಿನದ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಬಸವಂತನ ಪಟ್ಟಿ ಕಪ್ಪಾಗಿತ್ತು. ಕೈಗೆ ತೆಗೆದುಕೊಂಡೆ. ಒಂದು ತುಂಡು ರಬ್ಬರು, ಒಂದು ಚೂರು ಗಾಜು. ಅಯ್ಯನವರ ಮಾತಿನ ಉಳಿದ ಅರ್ಧ ಆಗ ನೆನಪಿಗೆ ಬಂತು. ಈಗ ಅವನು ಬೆರೆತನು ಎಂದುಕೊಂಡೆ. ಒಂದು ವರ್ಷ ತಡವಾಗಿ, ನನ್ನಿಂದ ತಡವಾಗಿ.

ಅದರ ಪಕ್ಕದ ಗೂಟದಲ್ಲಿ ಗುರುಸಿದ್ದವ್ವನ ನೂರು ಎಂದಿನಂತೆ ಹಸಿರಾಗಿ ಉರಿಯುತ್ತಿತ್ತು. ಅದು ಯಾರ ನಿದ್ದೆ ಎಂದು ಈಗ ನನಗೆ ಗೊತ್ತು. ಅದನ್ನು ಮರಳಿ ಕೊಡಿಸೋಣವೆಂದರೆ ಪಡೆಯುವವನೇ ಉಳಿದಿಲ್ಲ. ಅದನ್ನು ಅವಳದೇ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ, ಅವಳ ಸಮಾಧಿಯ ಪಕ್ಕದ ಮಣ್ಣಿನಲ್ಲಿ ಮೊಣಕೈ ಆಳಕ್ಕೆ ಹೂತು ಬಂದೆ. ಮುಚ್ಚಿದ ಮೇಲೂ ಮಣ್ಣಿನ ಸಂದಿನಿಂದ ಒಂದು ಎಳೆ ಹಸಿರು ಕಾಣುತ್ತಿತ್ತು. ಇನ್ನೆರಡು ಬೊಗಸೆ ಮಣ್ಣು ಹಾಕಿದೆ.

ಹಿಂದಿರುಗಿ ಬರುವಾಗ ಕಲ್ಲವ್ವ ತನ್ನ ಬಾಗಿಲಲ್ಲಿ ನಿಂತಿದ್ದಳು. ಊರಿನಲ್ಲಿ ಮೂರು ದಿನದಿಂದ ನನ್ನ ಜೊತೆ ಯಾರೂ ಮಾತನಾಡಿರಲಿಲ್ಲ. ಆಕೆ ಅತ್ತಿತ್ತ ನೋಡಿ, ಕಳ್ಳಮಾತು ಆಡುವವಳಂತೆ ದನಿ ತಗ್ಗಿಸಿ, ‘ಹೆಂಗದಾಳ್ರಿ ಹುಡುಗಿ?’ ಎಂದಳು. ಅವಳ ಎಡ ಮಣಿಕಟ್ಟು ಸೆರಗಿನೊಳಗಿತ್ತು. ಪಟ್ಟಿ ಇತ್ತೋ ಇಲ್ಲವೋ ಕಾಣಲಿಲ್ಲ. ನಾನು ಕೇಳಲಿಲ್ಲ. ‘ನೋಡ್ತೀನಿ ತಡಿ’ ಎಂದು ಒಳಗೆ ಬಂದೆ.

ನೀಲಾ ಎದ್ದು ಗೋಡೆಗೆ ಒರಗಿ ಕೂತಿದ್ದಳು. ಕೂದಲು ಹಣೆಗೆ ಅಂಟಿತ್ತು. ಎರಡೂ ಕೈಯಿಂದ ಮೀನಖಂಡಗಳನ್ನು ಹಿಚುಕಿಕೊಳ್ಳುತ್ತಿದ್ದಳು. ಮುಖ ಕಿವುಚಿಕೊಂಡಿತ್ತು. ನಾನು ಬಾಗಿಲಲ್ಲೇ ನಿಂತು ಕೇಳಿದೆ.

‘ಹೆಂಗದಿ ಮಗಳ?’

‘ನೋಯಾಕತ್ತಾವ ಅಪ್ಪಾ,’ ಎಂದಳು ಅವಳು. ಕಣ್ಣಿನಲ್ಲಿ ನೀರಿತ್ತು. ‘ಭಾಳ ನೋಯಾಕತ್ತಾವ. ನನ್ನವ ಕಾಲು.’